ಬೆಂಡೆಕಾಯಿ ಲೋಳೆ ಕಲಿಸಿದ ಜಪಾನಿ

ಪುಣೆಗೆ ಕೆಲಸಕ್ಕೆ ಬಂದ ಮೇಲೆ ಜಪಾನಿ ಕ್ಲಾಸಿಗೆ ಸೇರಿದೆ. ಈ ಊರಲ್ಲಿ ಜಪಾನಿ ಕಲಿಯುವವರು ಜಾಸ್ತಿ. ಒಂದು ಬದಿ ಜಪಾನಿ, ಇನ್ನೊಂದು ಬದಿ ಇಂಗ್ಲಿಷ್ ಬರೆದ ಚೀಟಿಗಳನ್ನು ಬಸ್ಸಲ್ಲಿ ಕೂತು ಉರು ಹೊಡೆಯುತ್ತಿದ್ದೆ. ರಾತ್ರಿ ನೆನಪಿದ್ದದ್ದು ಬೆಳಿಗ್ಗೆ ಮಾಯ.

ಒಂದು ದಿನ ಕ್ಲಾಸಲ್ಲಿ ನೀರು ಕುಡಿದು "ನೀರು ಸಮುಯ್" ಅಂದೆ. ಚೀಟಿಯಲ್ಲಿ ಸಮುಯ್ ಅಂದರೆ ಕೋಲ್ಡ್ ಅಂತ ಇತ್ತು. ಎಲ್ಲರೂ ನಕ್ಕರು, ನನ್ನ ಕಿವಿ ಬಿಸಿಯಾಯಿತು. ಸೆನ್ಸೆಯ್, ಅಂದರೆ ನಮ್ಮ ಟೀಚರ್, ಎದ್ದು ಹೋಗಿ, ಫ್ರಿಜ್ ನೀರು ತುಂಬಿದ ಸ್ಟೀಲ್ ಲೋಟ ತಂದು ನನ್ನ ಅಂಗೈಗೆ ಒತ್ತಿದರು. "ತ್ಸುಮೆತಾಯ್!" ಮುಟ್ಟಿದಾಗ ತಣ್ಣಗಿದ್ದರೆ ತ್ಸುಮೆತಾಯ್, ಮೈಗೆ ಚಳಿಯಾದರೆ ಸಮುಯ್. ಅರೆ, ಕನ್ನಡದಲ್ಲೂ ಹಾಗೇ ಅಲ್ವಾ? ಲೋಟದ ನೀರನ್ನು ಯಾರಾದರೂ ಚಳಿ ಅಂತಾರಾ? ನಡುವೆ ಕೂತ ಇಂಗ್ಲಿಷೇ ಎರಡನ್ನೂ ಕಲಸಿಟ್ಟಿತ್ತು. ಆ ನಾಚಿಕೆ, ಆ ಲೋಟದ ತಣುಪು ಇವತ್ತಿಗೂ ಹೋಗಿಲ್ಲ, ಪದವೂ ಹೋಗಿಲ್ಲ.

ಚೀಟಿಗಳಿಂದ ಇಂಗ್ಲಿಷ್ ತೆಗೆದುಹಾಕಿದೆ. ಪದಗಳನ್ನು ಮುಟ್ಟಿ, ಕೇಳಿ ಕಲಿಯಲು ಶುರು ಮಾಡಿದೆ. ಮಂಡಈ ಅನ್ನುವ ತರಕಾರಿ ಮಾರುಕಟ್ಟೆಯಿಂದ ತಂದ ಬೆಂಡೆಕಾಯಿ ಹೆಚ್ಚುವಾಗ ಬೆರಳಿಗೆ ಅಂಟುವ ಲೋಳೆಗೆ ಜಪಾನಿಯಲ್ಲಿ ನೆಬಾನೆಬಾ ಅಂತಾರೆ. ಬೆಂಡೆ ಅಲ್ಲಿ ಓಕುರಾ. ಚಾಕು ಹಿಡಿದು ಹತ್ತು ಸಲ ಜೋರಾಗಿ ಹೇಳಿದೆ. ರೂಮ್‌ಮೇಟ್ ಬಾಗಿಲಲ್ಲೇ ನಿಂತು ನೋಡಿ ಸುಮ್ನೆ ಹೋದ.

ಇಂಥ ಪದಗಳು ಜಪಾನಿಯಲ್ಲಿ ರಾಶಿ ಇವೆ. ಜಿಟಿಜಿಟಿ, ಢವಢವದಂಥ ನಮ್ಮ ವ್ಯಾಕರಣದ ಅನುಕರಣಾವ್ಯಯಗಳ ಸೋದರಸಂಬಂಧಿಗಳು ಅನ್ನಿ. ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನವನ್ನು ಜಪಾನಿನ ಒಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದಾರೆ. ಜುಲೈನಲ್ಲಿ ಅಲ್ಲಿ ಕೊಡೆ ಹಿಡಿದು ನಿಂತರೆ ಪಾಠವೆಲ್ಲಾ ಕಿವಿಗೇ ಬೀಳುತ್ತದೆ. ಜಿಟಿಜಿಟಿ ಮಳೆ ಶಿತೋಶಿತೋ. ಧೋ ಎಂದು ಸುರಿದರೆ ಝಾಝಾ. ಗುಡುಗಿದರೆ ಗೊರೊಗೊರೊ. ಸರಸರ ಮಾತ್ರ ಕೈಕೊಟ್ಟಿತು. ನಮಗೆ ಅದು ಬೇಗ ಹೋಗುವುದು, ಅವರಿಗೆ ನಯವಾಗಿ ಜಾರುವ ಕೂದಲು.

ಜಪಾನಿ ಪರೀಕ್ಷೆಯ ದಿನ, ಕೇಳಿ ಉತ್ತರಿಸಬೇಕಾದ ಆಡಿಯೋ ಶುರುವಾಗುವ ಮುಂಚೆ ಎದೆ ಢವಢವ ಅನ್ನುತ್ತಿತ್ತು. ಆಗ ತಾನಾಗೇ ಬಾಯಿಗೆ ಬಂದದ್ದು ದೋಕಿದೋಕಿ.

ಎಲ್ಲಕ್ಕೂ ಇದು ನಡೆಯಲ್ಲ. ಕೆಯ್‌ಜಾಯ್ ಅಂದರೆ ಅರ್ಥವ್ಯವಸ್ಥೆ. ಅದಕ್ಕೆ ವಾಸನೆಯೂ ಇಲ್ಲ, ಅಂಟೂ ಇಲ್ಲ. ಎಷ್ಟು ಮೂಸಿದರೂ ಹತ್ತಲಿಲ್ಲ. ಅಂಥವನ್ನು ಈಗಲೂ ಬಸ್ಸಲ್ಲಿ ಕೂತು ಉರು ಹೊಡೆಯುತ್ತೇನೆ.