ಪಿಎಚ್‌.ಡಿ. ವಿದ್ಯಾರ್ಥಿಗಳು ಕೌಶಲ ತರಬೇತಿಯನ್ನು ಆರಿಸಿಕೊಳ್ಳುವ ಬಗೆ

ಸಂಶೋಧನೆಗೆ ಸೇರಿದ ಮೊದಲ ವರ್ಷದಲ್ಲಿಯೇ, ತಮಗೆ ಯಾವ ಕೌಶಲ ಕೈವಶವಾಗಿದೆ, ಯಾವುದು ಇನ್ನೂ ಆಗಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಬರೆದು, ಆ ಪಟ್ಟಿಯನ್ನು ಮಾರ್ಗದರ್ಶಕರ ಮುಂದಿಟ್ಟು ಚರ್ಚಿಸುವುದು ಒಳ್ಳೆಯದು. ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನು ಕೂಡಿಹಾಕುವುದರಿಂದ ಪ್ರಬಂಧ ಮುಂದೆ ಸಾಗುವುದಿಲ್ಲ. ಮುಂದಿನ ಕೆಲವು ತಿಂಗಳಲ್ಲಿ ನಿಜವಾಗಿಯೂ ಬೇಕಾಗುವ ಒಂದೇ ತರಬೇತಿಯನ್ನು ಆರಿಸಿಕೊಳ್ಳಿ. ಉದಾಹರಣೆಗೆ, ಸಂಖ್ಯಾಶಾಸ್ತ್ರದ ತರಬೇತಿ ಮುಗಿದ ವಾರದಲ್ಲೇ ಕಲಿತ ವಿಧಾನವನ್ನು ನಿಮ್ಮದೇ ದತ್ತಾಂಶಕ್ಕೆ ಅನ್ವಯಿಸಿ, ಯಾವ ಹಂತದಲ್ಲಿ ತೊಡಕಾಯಿತು, ಯಾವ ಪೂರ್ವಕಲ್ಪನೆ ನಿಮ್ಮ ದತ್ತಾಂಶಕ್ಕೆ ಹೊಂದಲಿಲ್ಲ ಎಂಬುದನ್ನು ದಿನಾಂಕಸಹಿತ ಟಿಪ್ಪಣಿಯಾಗಿ ಉಳಿಸಿಕೊಳ್ಳಿ, ಏಕೆಂದರೆ ವಿಧಾನದ ಅಧ್ಯಾಯವನ್ನು ಬರೆಯುವಾಗಲೂ ಮೌಖಿಕ ಪರೀಕ್ಷೆಯಲ್ಲಿ ಉತ್ತರಿಸುವಾಗಲೂ ಅದೇ ಟಿಪ್ಪಣಿ ನೆರವಿಗೆ ಬರುತ್ತದೆ. ಆಕರಗಳ ನಿರ್ವಹಣೆಗೆ ಜೊಟೆರೊದಂತಹ ತಂತ್ರಾಂಶವನ್ನು ಮೊದಲ ದಿನದಿಂದಲೇ ಬಳಸಿ.

ಮಾತಿನ ಕೌಶಲವನ್ನು ಹಲವರು ಕಡೆಗಣಿಸುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವು 2008ರಲ್ಲಿ ಆರಂಭಿಸಿದ ಸ್ಪರ್ಧೆಯಲ್ಲಿ ಸಂಶೋಧಕರು ಒಂದೇ ಸ್ಲೈಡ್ ಇಟ್ಟುಕೊಂಡು 3 ನಿಮಿಷದಲ್ಲಿ ತಮ್ಮ ಪ್ರಬಂಧವನ್ನು ವಿವರಿಸಬೇಕು. ಸ್ಪರ್ಧೆಗೆ ಹೋಗದಿದ್ದರೂ, ಇದೇ ನಿಯಮದಲ್ಲಿ ಬೇರೆ ವಿಭಾಗದ ಸಹಪಾಠಿಯೊಬ್ಬರಿಗೆ ನಿಮ್ಮ ವಿಷಯವನ್ನು ಹೇಳಿ, ಅವರಿಗೆ ಅರ್ಥವಾದದ್ದನ್ನು ಅವರ ಮಾತಿನಲ್ಲೇ ಹೇಳಿಸಿ ಕೇಳಿ.