ರಾತ್ರಿ ಕೆರೆತದ ಸಣ್ಣ ಹುಳು: ಮನೆಯಲ್ಲೂ ಅಂಗನವಾಡಿಯಲ್ಲೂ ನಾನು ಮಾಡಿದ್ದು

ಮಗುವಿಗೆ ಜ್ವರ ಬಂದರೆ ತಾಯಂದಿರು ಎಲ್ಲರ ಎದುರೇ ಹೇಳುತ್ತಾರೆ. ನೆಗಡಿ, ಭೇದಿ ಆದರೂ ಹೇಳುತ್ತಾರೆ. ಕುಂಡಿ ಕೆರೆತ ಇದ್ದರೆ ಮಾತ್ರ ಬಾಗಿಲ ಹೊರಗೆ ನಿಂತು, ದನಿ ಇಳಿಸಿ, "ಅಕ್ಕೋರೆ, ಕೂಸು ರಾತ್ರಿ ಪೂರಾ ಮಲಗಂಗಿಲ್ರಿ, ಕೆರಕೊಂತ ಅಳ್ತದ" ಅನ್ನುತ್ತಾರೆ. ನಾನು ಕಲಬುರಗಿ ಜಿಲ್ಲೆ ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ ಮಕ್ಕಳು ನಮ್ಮಲ್ಲಿ ಒಂದೇ ಜಮಖಾನೆ ಮೇಲೆ ಕೂತು ಆಡುತ್ತಾರೆ, ಉಣ್ಣುತ್ತಾರೆ. ಈ ಕೆರೆತ ತರುವುದು ಒಂದು ಸಣ್ಣ ಹುಳು, ಅದು ಹರಡಲು ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ನನ್ನ ಮಗಳಿಗೂ ಆಗಿತ್ತು. ಹಾಗಾಗಿ ಮನೆಯಲ್ಲಿ ಏನು ಮಾಡಿದೆ, ಹಳ್ಳಿಯ ತಾಯಂದಿರಿಗೆ ಏನು ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಯಾವ ಹುಳು ಅಂತ ತಿಳಿಯಬೇಕು. ಹೊಟ್ಟೆಯ ಹುಳುಗಳೆಲ್ಲ ಒಂದೇ ಬಗೆಯವಲ್ಲ. ಉದ್ದನೆಯ ಜಂತುಹುಳು ಮಣ್ಣಿನಿಂದ ಬರುತ್ತದೆ. ಕೊಕ್ಕೆಹುಳು ಬರಿಗಾಲಲ್ಲಿ ಓಡಾಡಿದರೆ ಚರ್ಮದ ಮೂಲಕ ಒಳಗೆ ಹೋಗಿ ರಕ್ತ ಹೀರುತ್ತದೆ. ರಾತ್ರಿ ಕೆರೆತ ತರುವುದು ಇವೆರಡೂ ಅಲ್ಲ. ಅದು ಬಿಳಿ ದಾರದ ತುಂಡಿನ ಹಾಗೆ ಇರುವ ಸಣ್ಣ ಹುಳು, ಡಾಕ್ಟರರು ಪಿನ್‌ವರ್ಮ್ ಅನ್ನುತ್ತಾರೆ. ಹೆಣ್ಣು ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ, ಗಂಡು ಅದಕ್ಕಿಂತ ಚಿಕ್ಕದು. ಇದು ಮಣ್ಣಿನಿಂದ ಬರುವುದಿಲ್ಲ, ನಾಯಿ ಬೆಕ್ಕಿನಿಂದಲೂ ಬರುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೇ ದಾಟುತ್ತದೆ. ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಆಯಿತು ಅನ್ನುವುದೂ ನಿಜವಲ್ಲ. ಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಮಾತ್ರ ಹುಳು ಆಗುತ್ತದೆ.

ಅದರ ದಾರಿ ಹೀಗಿದೆ. ಹುಳು ದೊಡ್ಡ ಕರುಳಿನ ಶುರುವಿನಲ್ಲಿ ಇರುತ್ತದೆ. ಮಗು ಮಲಗಿದ ಮೇಲೆ ಹೆಣ್ಣು ಹುಳು ಗುದದ್ವಾರದ ಹೊರಗೆ ಬಂದು ಅಲ್ಲಿನ ಚರ್ಮದ ಮೇಲೆ ಸಾವಿರಾರು ಮೊಟ್ಟೆ ಇಡುತ್ತದೆ. ಆಗಲೇ ಕೆರೆತ. ಮಗು ನಿದ್ದೆಗಣ್ಣಲ್ಲಿ ಕೆರೆದುಕೊಳ್ಳುತ್ತದೆ, ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ. ಅದೇ ಬೆರಳು ಬಾಯಿಗೆ ಹೋಗುತ್ತದೆ. ಇಟ್ಟ ಮೊಟ್ಟೆ ನಾಲ್ಕರಿಂದ ಆರು ಗಂಟೆಯಲ್ಲೇ ಇನ್ನೊಬ್ಬರಿಗೆ ಅಂಟಲು ತಯಾರಾಗುತ್ತದೆ. ಬಟ್ಟೆ, ಹಾಸಿಗೆ, ಆಟದ ಸಾಮಾನಿನ ಮೇಲೆ ಎರಡು ಮೂರು ವಾರದವರೆಗೂ ಬದುಕಿರಬಲ್ಲದು. ಬಾಯಿಗೆ ಹೋದ ಮೊಟ್ಟೆ ಹುಳುವಾಗಿ, ಅದು ಮತ್ತೆ ಮೊಟ್ಟೆ ಇಡಲು ಒಂದರಿಂದ ಎರಡು ತಿಂಗಳು ಬೇಕು. "ವಾಸಿ ಆಗಿತ್ತು, ಮತ್ತ ಬಂತು" ಅಂತ ತಾಯಂದಿರು ಹೇಳುವುದು ಇದಕ್ಕೇ.

ನನ್ನ ಮಗಳ ಹಲ್ಲು ಕಡಿಯುವುದು ನೋಡಿ ಮನೆಯಲ್ಲಿ ಎಲ್ಲರೂ "ಹುಳ ಆಗ್ಯಾವ" ಅಂದಿದ್ದರು. ಹಲ್ಲು ಕಡಿಯುವ ಮಕ್ಕಳಿಗೆಲ್ಲ ಹುಳು ಇರುವುದಿಲ್ಲ. ನೋಡಿಯೇ ತಿಳಿಯಬೇಕು. ಅವಳು ಮಲಗಿ ಎರಡು ಮೂರು ಗಂಟೆ ಆದ ಮೇಲೆ ಬ್ಯಾಟರಿ ಹಿಡಿದು ನೋಡಿದೆ. ಬಿಳಿ ಹುಳು ಹರಿದಾಡುತ್ತಿತ್ತು. ಹೀಗೆ ಕಣ್ಣಿಗೆ ಬೀಳದಿದ್ದರೆ ಇನ್ನೊಂದು ದಾರಿ ಇದೆ. ಬೆಳಿಗ್ಗೆ ಎದ್ದ ಕೂಡಲೇ, ಸಂಡಾಸಕ್ಕೆ ಹೋಗುವ ಮುಂಚೆ, ತೊಳೆಯುವ ಮುಂಚೆ, ಪಾರದರ್ಶಕ ಟೇಪಿನ ಅಂಟಿನ ಕಡೆಯನ್ನು ಆ ಜಾಗಕ್ಕೆ ಒತ್ತಿ ತೆಗೆಯಬೇಕು. ಮೂರು ದಿನ ಬೆಳಿಗ್ಗೆ ಹೀಗೆ ಮಾಡಿ ಆಸ್ಪತ್ರೆಯ ಲ್ಯಾಬಿಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತದೆ. ಮಲ ಪರೀಕ್ಷೆಯಲ್ಲಿ ಈ ಹುಳು ಎಷ್ಟೋ ಸಲ ಸಿಗುವುದೇ ಇಲ್ಲ. ಮೊಟ್ಟೆ ಇರುವುದು ಹೊರಗಿನ ಚರ್ಮದ ಮೇಲಲ್ಲವಾ?

ಇನ್ನು ಮನೆಮದ್ದು. ನಮ್ಮ ಅತ್ತೆಯವರಿಗೆ ಗೊತ್ತಿಲ್ಲದ ಮದ್ದಿಲ್ಲ. "ಬೇವಿನ ಚಿಗುರು ಅರದು ಗುಳಿಗಿ ಮಾಡಿ ನುಂಗ್ಸು, ಹುಳ ಎಲ್ಲಾ ಹೋಗ್ತಾವ" ಅಂದರು. ಪಕ್ಕದ ಮನೆಯವರು ಅಜವಾನ (ಓಮ) ಮತ್ತು ಬೆಲ್ಲ ಅಂದರು. ಬೀದರ್ ಕಡೆಯಿಂದ ಬಂದ ನಮ್ಮ ಓರಗಿತ್ತಿ ವಾವಡಿಂಗ (ವಾಯುವಿಳಂಗದ ಕಾಳು) ಕುದಿಸಿ ಹಾಲಲ್ಲಿ ಕೊಡು ಅಂದಳು. ಬೆಳ್ಳುಳ್ಳಿ, ಇಂಗು ಹಾಕಿದ ಮಜ್ಜಿಗೆ, ಹಾಗಲಕಾಯಿ, ಪಪ್ಪಾಯಿ ಬೀಜ, ಕುಂಬಳಬೀಜ, ಹಸಿ ಗಜ್ಜರಿ (ಕ್ಯಾರೆಟ್), ಒಣ ಕೊಬ್ಬರಿ, ಹೀಗೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಇವರೆಲ್ಲ ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ. ಆ ತಿಳಿವಳಿಕೆಯನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಊಟದಲ್ಲಿ ಬರುವ ಪದಾರ್ಥಗಳನ್ನು ಊಟವಾಗಿಯೇ ಕೊಡಿ. ತೊಗರಿ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ, ಜೋಳದ ರೊಟ್ಟಿ ಜೊತೆ ಹಾಗಲಕಾಯಿ ಪಲ್ಯ, ಇಂಗಿನ ಮಜ್ಜಿಗೆ, ತುರಿದ ಗಜ್ಜರಿ, ಹಣ್ಣಾದ ಪಪ್ಪಾಯಿ. ಇವು ಹೊಟ್ಟೆಗೆ ಒಳ್ಳೆಯವು. ಮಗುವಿಗೆ ಮಲಬದ್ಧತೆ ಆಗುವುದಿಲ್ಲ, ಹಸಿವು ಚೆನ್ನಾಗಿರುತ್ತದೆ. ಆದರೆ ಈ ಹುಳುವನ್ನು ಇವು ಪೂರ್ತಿ ಕೊಲ್ಲುತ್ತವೆ ಅಂತ ನಂಬಿ ಕೂರಬೇಡಿ. ನಾನೂ ಮಗಳಿಗೆ ಅಜವಾನದ ನೀರು ಕೊಟ್ಟೆ, ಗಜ್ಜರಿ ತಿನ್ನಿಸಿದೆ. ಹೊಟ್ಟೆ ಹಗುರಾಯಿತು, ರಾತ್ರಿ ಕೆರೆತ ಹಾಗೇ ಇತ್ತು.

ಕೆಲವನ್ನು ಮಾತ್ರ ಖಂಡಿತ ಬೇಡ ಅನ್ನುತ್ತೇನೆ. ಬೇವಿನ ಎಣ್ಣೆಯನ್ನು ಮಕ್ಕಳ ಬಾಯಿಗೆ ಹಾಕಲೇಬಾರದು. ಅದರಿಂದ ಸಣ್ಣ ಮಕ್ಕಳಿಗೆ ವಾಂತಿ, ಮಂಪರು, ಫಿಟ್ಸ್ ಬಂದಿದ್ದಿದೆ, ಜೀವಕ್ಕೇ ಅಪಾಯ ಆಗಿದ್ದಿದೆ. ಯುಗಾದಿಗೆ ಬೇವು ಬೆಲ್ಲ ನಾಲಿಗೆಗೆ ಹಚ್ಚುವುದು ಬೇರೆ, ದಿನವೂ ಅರೆದು ನುಂಗಿಸುವುದು ಬೇರೆ. ಹಸಿ ಬೆಳ್ಳುಳ್ಳಿ ಜಜ್ಜಿ ಕೆರೆಯುವ ಜಾಗಕ್ಕೆ ಹಚ್ಚಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಸೀಮೆಎಣ್ಣೆ ಹಚ್ಚುವುದನ್ನೂ ಕೇಳಿದ್ದೇನೆ, ಕೇಳಿದರೇ ಮೈ ನಡುಗುತ್ತದೆ. ದಾಳಿಂಬೆ ಬೇರಿನ ತೊಗಟೆಯ ಕಷಾಯ ಸಣ್ಣ ಮಕ್ಕಳಿಗೆ ವಿಷವಾಗಬಹುದು. ಒಂದು ವರ್ಷದೊಳಗಿನ ಕೂಸಿಗೆ ಯಾವ ಮದ್ದನ್ನೂ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಬಾರದು. ಇಡೀ ಬೀಜಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಅದೂ ನೆನಪಿರಲಿ.

ಕೆರೆತಕ್ಕೆ ನಿಜವಾಗಿ ಆರಾಮ ಕೊಟ್ಟಿದ್ದು ಕೊಬ್ಬರಿ ಎಣ್ಣೆ. ರಾತ್ರಿ ತೊಳೆದು ಒರೆಸಿ, ಗುದದ್ವಾರದ ಸುತ್ತ ತೆಳ್ಳಗೆ ಹಚ್ಚುತ್ತಿದ್ದೆ. ಹುಳು ಸಾಯುವುದಿಲ್ಲ, ಆದರೆ ಕೆರೆದು ಕೆಂಪಾದ ಚರ್ಮ ತಣ್ಣಗಾಗುತ್ತದೆ, ಮಗು ಮಲಗುತ್ತದೆ. ಮೇಲೆ ಮೈಗಂಟುವ ಹತ್ತಿ ಚಡ್ಡಿ ಹಾಕುತ್ತಿದ್ದೆ, ನಿದ್ದೆಯಲ್ಲಿ ಬೆರಳು ನೇರ ಚರ್ಮಕ್ಕೆ ತಾಗಬಾರದು ಅಂತ. ಬೇಸಿಗೆಯಲ್ಲಿ ನಮ್ಮ ಕಡೆ ಮಕ್ಕಳನ್ನು ಬರಿಮೈಲಿ ಮಾಳಿಗೆ ಮೇಲೆ ಮಲಗಿಸುತ್ತೇವೆ. ಹುಳು ಇರುವಷ್ಟು ದಿನ ಚಡ್ಡಿ ಬಿಡಬೇಡಿ.

ನನ್ನ ಪ್ರಕಾರ ನಿಜವಾದ ಮನೆಮದ್ದು ಬೆಳಗಿನ ನೀರು. ರಾತ್ರಿ ಇಟ್ಟ ಮೊಟ್ಟೆಗಳನ್ನು ಬೆಳಿಗ್ಗೆಯೇ ತೊಳೆದು ಬಿಟ್ಟರೆ ಅವು ಬೆರಳಿಗೂ ಬಾಯಿಗೂ ಹೋಗುವುದು ಎಷ್ಟೋ ಕಡಿಮೆಯಾಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಜಳಕ ಸಂಜೆ, ಆಡಿ ಬಂದ ಮೇಲೆ. ಬೇಸಿಗೆಯಲ್ಲಿ ನೀರಿಲ್ಲದಾಗ ಎರಡು ದಿನಕ್ಕೊಮ್ಮೆ. ನಾನು ಹೇಳುವುದಿಷ್ಟೇ: ಪೂರ್ತಿ ಜಳಕ ಆಗದಿದ್ದರೂ ಚಿಂತೆಯಿಲ್ಲ, ಎದ್ದ ಕೂಡಲೇ ಎರಡು ತಂಬಿಗೆ ನೀರು, ಸಾಬೂನು, ಮುಂದೆ ಹಿಂದೆ ತೊಳೆಯಿರಿ. ಮಗುವನ್ನು ಟಬ್ಬಿನ ನೀರಲ್ಲಿ ಕೂರಿಸಬೇಡಿ, ನೀರು ಸುರಿದು ಹರಿದು ಹೋಗಬೇಕು. ಆಮೇಲೆ ಮಗುವಿನ ಕೈ, ನಿಮ್ಮ ಕೈ ಸಾಬೂನು ಹಚ್ಚಿ ತೊಳೆದು, ರಾತ್ರಿಯ ಚಡ್ಡಿ ತೆಗೆದು ಬೇರೆ ಹಾಕಿ. ಇದಾಗುವವರೆಗೆ ಮಗುವಿನ ಕೈಗೆ ಬಿಸ್ಕೆಟ್ ಕೊಡಬೇಡಿ.

ಕೌದಿ ನಮ್ಮ ದೊಡ್ಡ ತಲೆನೋವು. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಒದ್ದೆಯಾದರೆ ಇಬ್ಬರು ಹೆಂಗಸರು ಹಿಡಿದು ಹಿಂಡಬೇಕು. ದಿನಾ ಒಗೆಯಲು ಯಾರಿಂದ ಆಗುತ್ತದೆ? ಅದೇ ಕೌದಿಯಲ್ಲಿ ಮೂರು ಮಕ್ಕಳು ಒಟ್ಟಿಗೆ ಮಲಗಿರುತ್ತಾರೆ. ನಾನು ಹೀಗೆ ಮಾಡಿದೆ. ಹಳೇ ಹತ್ತಿ ಸೀರೆಯನ್ನು ಕೌದಿಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಸಡಿಲ ಹೊಲಿಗೆ ಹಾಕಿದೆ. ಬೆಳಿಗ್ಗೆ ಹೊಲಿಗೆ ಬಿಚ್ಚಿ, ಸೀರೆಯನ್ನು ಕೊಡವದೆ ಹಾಗೇ ಸುತ್ತಿ, ಚಡ್ಡಿ ಜೊತೆ ಹಂಡೆಯ ಕುದಿವ ನೀರಿಗೆ ಹಾಕಿ ಒಗೆದೆ. ಕೊಡವಿದರೆ ಮೊಟ್ಟೆ ಗಾಳಿಗೆ ಹಾರಿ ಮನೆಯೆಲ್ಲ ಬೀಳುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಕೌದಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವಿ, ಮಧ್ಯಾಹ್ನ ಮಗುಚಿ ಹಾಕಿದೆ. ಈ ಹುಳುವಿನ ಮೊಟ್ಟೆಗೆ ಬಿಸಿಲು, ಒಣ ಶಾಖ ಆಗಿಬರುವುದಿಲ್ಲ. ತಂಪು, ತೇವ ಇದ್ದರೆ ಜಾಸ್ತಿ ದಿನ ಬದುಕುತ್ತದೆ. 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಈ ಕೆಲಸಕ್ಕೆ ಅದೇ ನನಗೆ ದೊಡ್ಡ ಸಹಾಯ ಮಾಡಿತು. ಮಳೆಗಾಲ, ಚಳಿಗಾಲದಲ್ಲಿ ಬಿಸಿಲು ಕಡಿಮೆ, ಆಗ ಬಿಸಿ ನೀರನ್ನೇ ನೆಚ್ಚಬೇಕು. ಹುಳು ಇರುವ ಮಗುವಿಗೆ ಆ ದಿನಗಳಲ್ಲಿ ಬೇರೆ ಹಾಸಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಮನೆ ಗುಡಿಸುವುದಕ್ಕಿಂತ ಒರೆಸುವುದು ಮೇಲು. ಒಣ ಕಸಬರಿಗೆಯಲ್ಲಿ ಧೂಳಿನ ಜೊತೆ ಮೊಟ್ಟೆಯೂ ಏಳುತ್ತದೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಶಹಾಬಾದಿ ಫರಸಿ (ಕಲ್ಲು ಹಾಸಿದ ನೆಲ) ಇದೆ, ಒದ್ದೆ ಬಟ್ಟೆಯಲ್ಲಿ ಒರೆಸಲು ಸುಲಭ. ಅಂಗನವಾಡಿಯಲ್ಲಿ ಆಟದ ಸಾಮಾನುಗಳನ್ನು ಸಾಬೂನು ನೀರಲ್ಲಿ ತೊಳೆದು ಬಿಸಿಲಿಗಿಡುತ್ತೇವೆ. ಪ್ರತಿ ಶನಿವಾರ ಉಗುರು ನೋಡುತ್ತೇನೆ. ಬೆಳೆದಿದ್ದರೆ ಕತ್ತರಿಸಿ, ಉಗುರನ್ನು ಕಾಗದದಲ್ಲಿ ಸುತ್ತಿ ಹಾಕುತ್ತೇವೆ, ನೇಲ್ ಕಟರ್ ತೊಳೆಯುತ್ತೇವೆ. ಊಟದ ಮುಂಚೆ ಸಾಬೂನಿನಿಂದ ಕೈ ತೊಳೆಯದೆ ಯಾರಿಗೂ ತಟ್ಟೆ ಇಲ್ಲ. ಬಳಪ ಕಚ್ಚುವ, ಹೆಬ್ಬೆರಳು ಚೀಪುವ, ಉಗುರು ಕಡಿಯುವ ಮಕ್ಕಳ ಕಡೆ ಒಂದು ಕಣ್ಣು ಜಾಸ್ತಿ ಇಡುತ್ತೇನೆ.

ಇಷ್ಟೆಲ್ಲ ಮಾಡಿದರೂ ಗುಳಿಗೆ ಬೇಕು. ನನ್ನ ಮಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿಯೇ ಕೊಟ್ಟೆ. 2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಒಂದರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತೇವೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಪೂರ್ತಿ ಗುಳಿಗೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅದನ್ನು ಪುಡಿ ಮಾಡಿ ನೀರಲ್ಲಿ ಕಲಸಿ. ದೊಡ್ಡ ಮಕ್ಕಳು ಅಗಿದು ತಿನ್ನಬೇಕು. ಆ ದಿನ ಜ್ವರ ಇದ್ದ ಮಗುವಿಗೆ ಕೊಡುವುದಿಲ್ಲ.

"ನೀವೇ ಗುಳಿಗಿ ಕೊಟ್ಟೀರಿ, ಮತ್ತ ಯಾಕ ಹುಳ ಆದವು?" ಅಂತ ತಾಯಂದಿರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಆ ದಿನದ ಗುಳಿಗೆ ಮುಖ್ಯವಾಗಿ ಮಣ್ಣಿನಿಂದ ಬರುವ ಹುಳುಗಳಿಗಾಗಿ. ಗುಳಿಗೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವ ಭರವಸೆ ಇಲ್ಲ. ಉಳಿದ ಮೊಟ್ಟೆ ಬಾಯಿಗೆ ಹೋಗಿ ಮತ್ತೆ ಹುಳುವಾಗುತ್ತದೆ. ಅದಕ್ಕೇ ಕೆರೆತದ ಹುಳುವಿಗೆ ಎರಡು ವಾರ ಬಿಟ್ಟು ಇನ್ನೊಂದು ಸಲ ಕೊಡಬೇಕು. ಅದೂ ಮನೆಮಂದಿಗೆಲ್ಲ ಒಂದೇ ದಿನ. ಅಪ್ಪ, ಅಜ್ಜಿ, ದೊಡ್ಡಮ್ಮನ ಮಕ್ಕಳು, ಕೆರೆತ ಇಲ್ಲದವರೂ ಸೇರಿ. ಎಷ್ಟೋ ಜನರಿಗೆ ಹುಳು ಇದ್ದರೂ ಏನೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರನ್ನೂ ಒಪ್ಪಿಸುವುದೇ ಕಷ್ಟವಾಯಿತು. "ನನಗ್ಯಾಕವ್ವ, ನಾ ಏನ್ ಸಣ್ಣ ಕೂಸೇನು?" ಅಂದರು ಅತ್ತೆ. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವವರು ಅವರೇ ಅಲ್ವಾ ಅಂದಾಗ ತೆಗೆದುಕೊಂಡರು. ಗುಳಿಗೆ ತಗೊಂಡ ಮರುದಿನ ಬೆಳಿಗ್ಗೆ ಮನೆಯ ಬಟ್ಟೆ ಹಾಸಿಗೆಯನ್ನೆಲ್ಲ ಬಿಸಿ ನೀರಿಗೆ, ಬಿಸಿಲಿಗೆ ಹಾಕಿದೆವು. ಎರಡನೇ ಸಲದ ನಂತರ ಮಗಳು ರಾತ್ರಿ ಎದ್ದು ಅಳುವುದು ನಿಂತಿತು.

ಮನೆಯಲ್ಲಿ ಬಸುರಿ ಇದ್ದರೆ ಅವಳಿಗೆ ಡಾಕ್ಟರನ್ನು ಕೇಳದೆ ಈ ಗುಳಿಗೆ ಕೊಡಬೇಡಿ, ಮೊದಲ ಮೂರು ತಿಂಗಳಲ್ಲಂತೂ ಬೇಡವೇ ಬೇಡ. ಒಂದು ವರ್ಷದೊಳಗಿನ ಕೂಸು, ಮೊಲೆ ಉಣಿಸುವ ತಾಯಿ, ಇವರಿಗೂ ಕೇಳಿಯೇ ಕೊಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಈ ಹುಳು ಕೆಲವೊಮ್ಮೆ ಮುಂದಿನ ಜಾಗಕ್ಕೂ ಹೋಗುತ್ತದೆ. ಅಲ್ಲಿ ಕೆರೆತ, ಉರಿ, ಬಿಳಿ ಸ್ರಾವ ಆಗಬಹುದು. ಇದ್ದಕ್ಕಿದ್ದಂತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಗುವನ್ನು ಬಡಿಯುವ ಮುಂಚೆ ಒಮ್ಮೆ ಬ್ಯಾಟರಿ ಹಿಡಿದು ನೋಡಿ. ಕೆರೆದುಕೊಂಡಿತು ಅಂತ ಕೈಮೇಲೆ ಹೊಡೆಯುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಮಗು ಬೇಕಂತ ಮಾಡುವುದಿಲ್ಲ. ಶುಚಿಯಾದ ಮನೆಯ ಮಕ್ಕಳಿಗೂ ಇದು ಬರುತ್ತದೆ, ನಾಚಿಕೆ ಪಡುವಂಥದ್ದೇನಿಲ್ಲ. ಮುಚ್ಚಿಟ್ಟರೆ ಪಕ್ಕದ ಮಗುವಿಗೂ ಹೋಗುತ್ತದೆ, ಅಷ್ಟೇ. ಕೆರೆದ ಜಾಗದಲ್ಲಿ ಕೀವು, ಮಲದಲ್ಲಿ ರಕ್ತ, ಜ್ವರ, ಜೋರು ಹೊಟ್ಟೆನೋವು, ತೂಕ ಇಳಿಯುವುದು ಇದ್ದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆ ರಜೆಯಲ್ಲಿ ಮಕ್ಕಳು ಅಜ್ಜಿ ಊರಿಗೆ ಹೋಗುತ್ತಾರೆ. ಅಲ್ಲಿ ಹತ್ತು ಮಕ್ಕಳು ಒಂದೇ ಸಾಲಲ್ಲಿ ಮಲಗುತ್ತಾರೆ. ಮೊದಲನೇ ಗುಳಿಗೆ ಇಲ್ಲಿ ತಗೊಂಡು ಎರಡನೆಯದು ಮರೆತು ಹೋಗುವುದು ಆಗಲೇ. ಹಾಗಾಗಿ ಹೊರಡುವ ಮುಂಚೆ ತಾಯಿಯ ಕೈಗೆ ದಿನಾಂಕ ಬರೆದ ಚೀಟಿ ಕೊಡುತ್ತೇನೆ, ಆ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಆಸ್ಪತ್ರೆಯವರನ್ನು ಕೇಳಿ ಎರಡನೆಯದನ್ನು ಅಲ್ಲೇ ಕೊಡಿಸಿ ಅಂತ ಹೇಳಿ ಕಳಿಸುತ್ತೇನೆ. ಜೊತೆಗೆ ಮಗುವಿಗೆ ಬೇರೆ ಹಾಸಿಗೆ, ಹತ್ತಿ ಚಡ್ಡಿ, ಬೆಳಗಿನ ಎರಡು ತಂಬಿಗೆ ನೀರು ಅಲ್ಲೂ ತಪ್ಪಬಾರದು ಅಂತ.