ಗಂಡನ ಮನೆಯ ತಾಯಿ ಕಾರ್ಡ್, ತವರಿನ ಹೆರಿಗೆ

ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿ ಅಂತ ಯಾರಿಗೂ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ ಅಂತ. ಅತ್ತೆ ಹೇಳಿದ ಹಾಗೆ ನಾನೂ ಸುಮ್ನೆ ಇದ್ದೆ. ಆಶಾ ಅಕ್ಕನಿಗೆ ಅದು ಹೇಗೆ ಗೊತ್ತಾಯಿತೋ, ಒಂದು ದಿನ ಮನೆ ಬಾಗಿಲಿಗೇ ಬಂದರು. "ಊರಿಗೆಲ್ಲ ಹೇಳೋದು ಬೇಡಮ್ಮ, ನನ್ನ ಪುಸ್ತಕದಲ್ಲಿ ಬರೆಸಿದರೆ ಸಾಕು. ಹನ್ನೆರಡು ವಾರದೊಳಗೆ ಆಗಬೇಕು" ಅಂದರು. ಆ ಮಾತಿಗೆ ಅತ್ತೆಯೂ ಒಪ್ಪಿದರು. ಮಾರನೇ ದಿನವೇ ಉಪಕೇಂದ್ರಕ್ಕೆ ಹೋಗಿ ತಾಯಿ ಕಾರ್ಡ್ ಮಾಡಿಸಿಕೊಂಡೆ. ತಾಯಿಯ ತಪಾಸಣೆ, ಮಗುವಿನ ಲಸಿಕೆ ಎಲ್ಲ ಬರೆದಿಡುವ ಕಾರ್ಡ್ ಅದು. ಆಮೇಲೆ ಎಲ್ಲಿಗೆ ಹೋದರೂ ಮೊದಲು ಕೇಳಿದ್ದು ಆ ಕಾರ್ಡನ್ನೇ.

ನನ್ನ ಗಂಡನ ಮನೆ ಗೌರಿಬಿದನೂರು ತಾಲೂಕಿನ ಒಂದು ಹಳ್ಳಿ. ತವರು ತುಮಕೂರು ಜಿಲ್ಲೆ. ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ಹಾಗಾಗಿ ನನ್ನ ಪಾಲಿಗೆ ಎರಡು ಜಿಲ್ಲೆ, ಇಬ್ಬರು ಆಶಾ, ಎರಡು ಅಂಗನವಾಡಿ. ನನ್ನ ಜೊತೆಯ ಎಷ್ಟೋ ಹುಡುಗಿಯರಿಗೆ ಸೌಲಭ್ಯ ತಪ್ಪಿದ್ದು ಈ ಎರಡು ಊರಿನ ಮಧ್ಯದಲ್ಲೇ. ಇಲ್ಲಿಯವರು ಅಲ್ಲಿ ಕೇಳು ಅಂತಾರೆ, ಅಲ್ಲಿಯವರು ಇಲ್ಲಿ ಕೇಳು ಅಂತಾರೆ. ಅದಕ್ಕೇ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಐದನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.6 ಇತ್ತು. ಗರ್ಭಿಣಿಗೆ 11 ಆದರೂ ಇರಬೇಕು. ದಿನಾ ಮುದ್ದೆ, ಸೊಪ್ಪಿನ ಸಾರು ತಿನ್ನುತ್ತೇನೆ, ಐರನ್ ಮಾತ್ರೆಯನ್ನೂ ತಪ್ಪಿಸಿಲ್ಲ, ಆದರೂ ಯಾಕೆ ಹೀಗೆ ಅಂತ ಅಳುವೇ ಬಂತು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಡಾಕ್ಟರೇ ನೋಡುತ್ತಾರೆ, ದುಡ್ಡಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ ಅದರ ಹೆಸರು. ಆ ದಿನ ಜನ ಜಾಸ್ತಿ, ಮಧ್ಯಾಹ್ನದವರೆಗೂ ಕಾಯಬೇಕು. ಆದರೆ ನನಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. "ಮಾತ್ರೆ ಯಾವಾಗ ತಗೊಳ್ತೀಯಮ್ಮ?" ಅಂತ ಡಾಕ್ಟರಮ್ಮ ಕೇಳಿದರು. ಬೆಳಗ್ಗೆ ಕಾಫಿ ಕುಡಿದು, ಐರನ್ನು ಕ್ಯಾಲ್ಸಿಯಂ ಎರಡೂ ಒಟ್ಟಿಗೆ ಅಂದೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಇದ್ದರೆ ಐರನ್ ಮೈಗೆ ಹತ್ತುವುದಿಲ್ಲವಂತೆ. ಅವತ್ತಿನಿಂದ ಕ್ಯಾಲ್ಸಿಯಂ ಹಗಲು ಊಟದ ಜೊತೆ, ಐರನ್ ರಾತ್ರಿ ಮಲಗುವ ಮುಂಚೆ ನಿಂಬೆ ರಸದ ಜೊತೆ. ಮಲ ಕಪ್ಪಗಾದಾಗ ಹೆದರಿದ್ದೆ. ಮಾತ್ರೆಗೆ ಹಾಗಾಗುತ್ತದೆ, ನಿಲ್ಲಿಸಬೇಡ ಅಂತ ಆಶಾ ಅಕ್ಕ ಧೈರ್ಯ ಹೇಳಿದರು. ಎಂಟನೇ ತಿಂಗಳಿಗೆ 10.4ಕ್ಕೆ ಬಂತು.

ಅಂಗನವಾಡಿಯ ಊಟಕ್ಕೆ ಅತ್ತೆ ಮೊದಲು ಬೇಡ ಅಂದರು. ಮನೇಲಿ ಊಟಕ್ಕಿಲ್ವಾ ಅಂತ ಊರವರು ಅಂದುಕೊಂಡಾರು ಅನ್ನೋ ಸಂಕೋಚ ಅವರಿಗೆ. ಈ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ, ಬಸುರಿಗೂ ಬಾಣಂತಿಗೂ ಇಬ್ಬರಿಗೂ. ನಾನು ಹೋದೆ. ಮೊಟ್ಟೆ, ಹಾಲು, ಚಿಕ್ಕಿ ನನಗೆ ದಿನಾ ಸಿಕ್ಕಿದ್ದು ಅಲ್ಲೇ.

ತುಂಬಾ ಓಡಾಡಿಸಿದ್ದು ಮಾತೃವಂದನಾ ಹಣ, ಅಂದರೆ ಕೇಂದ್ರ ಸರ್ಕಾರ ಬಸುರಿ-ಬಾಣಂತಿಯರ ಖಾತೆಗೆ ಹಾಕುವ ದುಡ್ಡು. ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ. ಹೆಸರು ನೋಂದಾಯಿಸಿ ಒಂದು ಸಲ ತಪಾಸಣೆ ಆದ ಮೇಲೆ 3,000. ಮಗುವಿನ ಜನನ ನೋಂದಣಿಯಾಗಿ, ಹದಿನಾಲ್ಕು ವಾರದ ಲಸಿಕೆ ಮುಗಿದ ಮೇಲೆ 2,000. ಎರಡನೇ ಮಗು ಹೆಣ್ಣಾದರೆ 6,000 ಒಂದೇ ಕಂತಿನಲ್ಲಿ ಬರುತ್ತದೆ. ಅಂಗನವಾಡಿ ಟೀಚರ್ ಅರ್ಜಿ ಹಾಕಿಕೊಟ್ಟರು. ಎರಡು ತಿಂಗಳಾದರೂ ನನ್ನ ಪಾಸ್‌ಬುಕ್‌ನಲ್ಲಿ ಏನೂ ಇಲ್ಲ. ಟೀಚರ್ ಮೊಬೈಲಿನಲ್ಲಿ ನೋಡಿ, ದುಡ್ಡು ಹೋಗಿದೆಯಲ್ಲಮ್ಮ ಅಂದರು. ಎಲ್ಲಿಗೆ ಹೋಯಿತು? ಡಿಗ್ರಿ ಓದುವಾಗ ಸ್ಕಾಲರ್‌ಶಿಪ್‌ಗೆ ಅಂತ ತವರಲ್ಲಿ ಒಂದು ಖಾತೆ ತೆಗೆದಿದ್ದೆ. ನನ್ನ ಆಧಾರ್ ಇನ್ನೂ ಅದಕ್ಕೇ ಜೋಡಣೆಯಾಗಿತ್ತು. ಅರ್ಜಿಯಲ್ಲಿ ಬೇರೆ ಖಾತೆ ನಂಬರ್ ಬರೆದಿದ್ದರೂ ಹಣ ಹೋಗಿದ್ದು ಆಧಾರ್ ಹಿಡಿದುಕೊಂಡೇ. ಆ ಖಾತೆಯ ಪಾಸ್‌ಬುಕ್ ಎಲ್ಲಿದೆಯೋ ಗೊತ್ತಿರಲಿಲ್ಲ, ಅದಕ್ಕೆ ಕೊಟ್ಟಿದ್ದ ಸಿಮ್ಮೂ ಬಂದ್ ಆಗಿತ್ತು. ಏಳನೇ ತಿಂಗಳ ಹೊಟ್ಟೆ ಹೊತ್ತುಕೊಂಡು ಎರಡು ಸಲ ಬ್ಯಾಂಕಿಗೆ ಹೋಗಿ ಬಂದೆ. ನೀವು ಅರ್ಜಿ ಹಾಕುವ ಮುಂಚೆಯೇ ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿಬಿಡಿ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಅಲ್ಲಿ ಬರುತ್ತದೆ. ಎರಡು ನಿಮಿಷದ ಕೆಲಸ.

ಸೀಮಂತ ಮುಗಿಸಿ ತವರಿಗೆ ಹೊರಟಾಗ ಬಳೆ, ಸೀರೆಗಿಂತ ಮೊದಲು ತಾಯಿ ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡೆ. ಎಲ್ಲ ಪುಟದ ಫೋಟೋ ನಮ್ಮನೆಯವರ ಫೋನಿನಲ್ಲೂ ಇತ್ತು. ತವರಿಗೆ ಹೋದ ವಾರದಲ್ಲೇ ಅಲ್ಲಿಯ ಆಶಾ ಹತ್ತಿರ ಕಾರ್ಡ್ ತೋರಿಸಿ, ಅವರ ನಂಬರ್ ಇಸಿದುಕೊಂಡು, ಹೊಸ ಕಾರ್ಡ್ ಬೇಡ, ಇದರಲ್ಲೇ ಬರೆಯಿರಿ ಅಂದೆ.

ರಾತ್ರಿ ಮೂರು ಗಂಟೆಗೆ ನೀರು ಹೋಯಿತು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋದೆವು. ಹೆಣ್ಣು ಮಗು. ಮಗುವನ್ನು ಒರೆಸಿ ನನ್ನ ಎದೆಯ ಮೇಲೆ ಇಟ್ಟ ಸಿಸ್ಟರ್ ಕೈ ನಾನು ಮರೆಯುವುದಿಲ್ಲ. ಅದೇ ವಾರ್ಡಿನ ಇನ್ನೊಬ್ಬ ಸಿಬ್ಬಂದಿ ನಮ್ಮಮ್ಮನನ್ನು ಬಾಗಿಲ ಹತ್ತಿರ ಕರೆದು 500 ರೂಪಾಯಿ ಇಸಿದುಕೊಂಡರು. ಮಗುವಿಗೆ ಏನಾದರೂ ಆದೀತು ಅಂತ ಹೆದರಿ ಅಮ್ಮ ಕೊಟ್ಟುಬಿಟ್ಟಿದ್ದಳು. ನನಗೆ ತುಂಬಾ ಸಂಕಟವಾಯಿತು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್ ಆದರೂ, ಪೂರ್ತಿ ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಸೇರಿ. ಯಾರಾದರೂ ದುಡ್ಡು ಕೇಳಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಬಾಣಂತಿ ಮಂಚದ ಮೇಲಿಂದ ಇದನ್ನೆಲ್ಲ ಮಾಡಲಾರಳು. ಜೊತೆಗೆ ಬರುವವರಿಗೆ ಮೊದಲೇ ಹೇಳಿಡಬೇಕು. ನಾನು ಅಮ್ಮನಿಗೆ ಹೇಳಿರಲಿಲ್ಲ.

ಮನೆಗೆ ನಗು-ಮಗು ಗಾಡಿಯಲ್ಲಿ ಬಂದೆವು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಜನನಿ ಸುರಕ್ಷಾ ಅನ್ನೋ ಇನ್ನೊಂದು ಯೋಜನೆಯ 700 ರೂಪಾಯಿಯೂ ಬಂತು. ಹಳ್ಳಿಯವರಿಗೆ 700, ಪಟ್ಟಣದವರಿಗೆ 600.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ನಮ್ಮದನ್ನು ಆಸ್ಪತ್ರೆಯಲ್ಲೇ ಮಾಡಿದರು. ಅಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಆಧಾರ್ ಎದುರಿಗೆ ಇಟ್ಟು ಅಲ್ಲೇ ತಿದ್ದಿಸಿದೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆ ತವರಲ್ಲೇ ಆಯಿತು. ಪ್ರತಿ ಸಲ ಅದೇ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೆ. ಐದನೇ ತಿಂಗಳಿಗೆ ಗಂಡನ ಮನೆಗೆ ವಾಪಸ್ ಬಂದು ಟೀಚರ್ ಕೈಗೆ ಕಾರ್ಡ್ ಕೊಟ್ಟಾಗ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 2,000 ಈ ಸಲ ಸರಿಯಾದ ಖಾತೆಗೇ ಬಂತು.

ಒಂದು ಕೆಲಸ ಬಾಕಿ ಇದೆ. ನೋಂದಣಿ ಆದಾಗ ಮಗಳಿಗೆ ಹೆಸರಿಟ್ಟಿರಲಿಲ್ಲ. ವರ್ಷದೊಳಗೆ ಸೇರಿಸಿದರೆ ಶುಲ್ಕ ಇಲ್ಲ, ಆದರೆ ಹುಟ್ಟು ನೋಂದಣಿಯಾದ ಕಡೆಯೇ ಹೋಗಬೇಕು. ಮುಂದಿನ ತಿಂಗಳು ತವರಿಗೆ ಹೋದಾಗ ಮಾಡಿಸಿಕೊಂಡು ಬರುತ್ತೇನೆ.